ಏಳು ಸೆಕೆಂಡುಗಳ ಋಣ: ಧ್ವನಿಯ ಎರವಲು ಮತ್ತು ಅಸ್ತೇಯ

ಕಳವು ಎಂದೊಡನೆ ಕಣ್ಣೆದುರು ಬರುವುದು ಒಡೆದ ಬೀಗ, ಬರಿದಾದ ಪೆಟ್ಟಿಗೆ. ಒಬ್ಬನ ಕೈಯಿಂದ ವಸ್ತು ಹೋಯಿತು, ಮತ್ತೊಬ್ಬನ ಕೈ ಸೇರಿತು. ಕಳೆದುಕೊಂಡವನಿಗೆ ನಷ್ಟ, ಪಡೆದವನಿಗೆ ಲಾಭ. ಲೋಕವ್ಯವಹಾರದ ಲೆಕ್ಕ ಇಷ್ಟೇ. ಆದರೆ ಅದತ್ತಾದಾನವೆಂಬ ಪ್ರಾಚೀನ ಪದವು ನಷ್ಟದ ಮಾತನ್ನು ಎತ್ತುವುದಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಂಡದ್ದೇ ಅಲ್ಲಿ ದೋಷ. ಈ ಎರಡು ದೃಷ್ಟಿಗಳ ನಡುವಣ ಅಂತರವು ಸಾಮಾನ್ಯ ದಿನಗಳಲ್ಲಿ ತೋರುವುದಿಲ್ಲ. ತೆಗೆದುಕೊಂಡ ಮೇಲೂ ವಸ್ತು ಮೂಲದವನ ಬಳಿ ಹಾಗೆಯೇ ಉಳಿಯುವ ಪ್ರಸಂಗ ಬಂದಾಗ ಮಾತ್ರ ಅದು ಸ್ಪಷ್ಟವಾಗುತ್ತದೆ. ಧ್ವನಿಯು ಅಂಥ ವಸ್ತು. ವಿದ್ಯುನ್ಮಾನ ಸಂಗೀತವೆಂದು ಕರೆಯಲಾಗುವ ಆಧುನಿಕ ಪ್ರಕಾರವು ಈ ಪ್ರಶ್ನೆಯನ್ನು ಕಳೆದ ನಾಲ್ಕು ದಶಕಗಳಿಂದ ನ್ಯಾಯಾಲಯಗಳ ಮುಂದೆಯೂ ಕಲಾವಿದರ ಮನಸ್ಸಾಕ್ಷಿಯ ಮುಂದೆಯೂ ಇಟ್ಟಿದೆ.

ಸ್ಯಾಂಪ್ಲಿಂಗ್ ಎಂಬುದು ಹಿಂದೆ ಮುದ್ರಿತವಾದ ಧ್ವನಿಮುದ್ರಿಕೆಯೊಂದರಿಂದ ಒಂದು ತುಣುಕನ್ನು ಎತ್ತಿ, ಅದನ್ನು ಯಂತ್ರದ ಸ್ಮೃತಿಯಲ್ಲಿ ಇರಿಸಿ, ಬೇಕಾದಂತೆ ಕತ್ತರಿಸಿ, ವೇಗ ಬದಲಿಸಿ, ಪುನರಾವರ್ತಿಸಿ ಹೊಸ ರಚನೆಯಲ್ಲಿ ಸೇರಿಸುವ ಕ್ರಮ. ಇದನ್ನು ಧಾಟಿಯ ಅನುಕರಣೆಯೊಡನೆ ಬೆರೆಸಬಾರದು. ಒಂದು ಹಾಡಿನ ಮಟ್ಟಿಗೆ ಬೇರೆ ಸಾಹಿತ್ಯವನ್ನು ಹೊಂದಿಸುವುದು ನಮ್ಮ ದೇಶದಲ್ಲಿ ಹಳೆಯ ರೂಢಿ. ಅಲ್ಲಿ ಹಾಡುವವನು ತನ್ನ ಕಂಠದಿಂದಲೇ ಹಾಡುತ್ತಾನೆ. ಸ್ಯಾಂಪ್ಲಿಂಗ್‌ನಲ್ಲಾದರೋ ಮೂಲ ವಾದಕನ ಕೈಯ ಪೆಟ್ಟೇ, ಮೂಲ ಗಾಯಕಿಯ ಉಸಿರೇ ಹೊಸ ಕೃತಿಯೊಳಗೆ ಬಂದು ಕೂರುತ್ತದೆ. ಹೀಗೆ ಎರವಲಾಗಿ ಹೋದ ಧ್ವನಿತುಣುಕುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ‘ಆಮೆನ್ ಬ್ರೇಕ್’ ಎಂದು ಹೆಸರಾದ ಸುಮಾರು ಏಳು ಸೆಕೆಂಡುಗಳ ಡ್ರಮ್ ವಾದನ. ಅದರ ಕಥೆಯಲ್ಲಿ ಕಲೆಯ ಗುಣ, ಕಾನೂನಿನ ಮಿತಿ, ಮನುಷ್ಯನ ಕರ್ತವ್ಯ ಈ ಮೂರೂ ಒಂದೆಡೆ ಸೇರಿರುವುದರಿಂದ ಅದು ವಿಮರ್ಶೆಗೆ ಅರ್ಹವಾಗಿದೆ.

1969ರಲ್ಲಿ ಅಮೆರಿಕದ ‘ದಿ ವಿನ್‌ಸ್ಟನ್ಸ್’ ಎಂಬ ತಂಡವು ‘ಕಲರ್ ಹಿಮ್ ಫಾದರ್’ ಎಂಬ ಹಾಡಿನ ಧ್ವನಿಮುದ್ರಿಕೆಯನ್ನು ಹೊರತಂದಿತು. ಮಲತಂದೆಯೊಬ್ಬನ ಪ್ರೀತಿಯನ್ನು ಕುರಿತ ಆ ಹಾಡು ಜನಪ್ರಿಯವಾಗಿ, ಮರುವರ್ಷ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಮುದ್ರಿಕೆಯ ಹಿಂಬದಿಯನ್ನು ತುಂಬಲು ತಂಡಕ್ಕೆ ಇನ್ನೊಂದು ರಚನೆ ಬೇಕಿತ್ತು. ‘ಆಮೆನ್’ ಎಂಬ ಚರ್ಚಿನ ಭಕ್ತಿಗೀತೆಯ ಆಧಾರದ ಮೇಲೆ, ಕರ್ಟಿಸ್ ಮೇಫೀಲ್ಡ್ ಎಂಬ ಸಂಗೀತಗಾರನು ಹಿಂದೊಮ್ಮೆ ನುಡಿಸಿ ತೋರಿಸಿದ್ದ ಗಿಟಾರ್ ಖಂಡವನ್ನೂ ಸೇರಿಸಿ, ‘ಆಮೆನ್, ಬ್ರದರ್’ ಎಂಬ ವಾದ್ಯಸಂಗೀತವನ್ನು ಸಿದ್ಧಪಡಿಸಿದರು. ಅದು ಚಿಕ್ಕದಾಯಿತೆಂದು ನಡುವೆ ಡ್ರಮ್ ಒಂದನ್ನೇ ನಾಲ್ಕು ಆವರ್ತ ನುಡಿಸಲು ಬಿಟ್ಟರು. ಆ ಭಾಗವನ್ನು ನುಡಿಸಿದವನು ಗ್ರೆಗರಿ ಕೋಲ್‌ಮನ್. ಸ್ಥಳ ತುಂಬಲೆಂದು ಮಾಡಿದ ಕೆಲಸವೇ ತಂಡದ ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚು ಕಾಲ ಬಾಳಿತು.

ಆ ನಾಲ್ಕು ಆವರ್ತಗಳ ಗುಣವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಮೊದಲ ಎರಡು ಆವರ್ತಗಳಲ್ಲಿ ವಾದಕನು ಹಾಡಿನ ನಡಿಗೆಯನ್ನೇ ಮುಂದುವರಿಸುತ್ತಾನೆ. ಮೂರನೆಯದರಲ್ಲಿ ಬೀಳಬೇಕಾದ ಒಂದು ಪೆಟ್ಟನ್ನು ತಡೆದು ತುಸು ತಡವಾಗಿ ಹಾಕುತ್ತಾನೆ. ನಾಲ್ಕನೆಯದರ ಆರಂಭದಲ್ಲಿ ಸ್ಥಳವನ್ನು ಬರಿದಾಗಿಯೇ ಬಿಟ್ಟು, ಅನಂತರ ಎದುರು ಲಯದಲ್ಲಿ ಹೊರಟು, ನಿರೀಕ್ಷೆಗಿಂತ ಮೊದಲೇ ತಾಳದ ತಟ್ಟೆಯನ್ನು ಹೊಡೆಯುತ್ತಾನೆ. ಅನಾಗತ, ಅತೀತಗಳ ಸೊಗಸನ್ನು ಬಲ್ಲ ನಮ್ಮ ಲಯರಸಿಕರಿಗೆ ಇದು ಅಪರಿಚಿತವಲ್ಲ. ಕೇಳುಗನ ಮನಸ್ಸು ಒಂದು ಕ್ಷಣ ಆಧಾರ ತಪ್ಪಿ ಮತ್ತೆ ನೆಲೆ ಕಂಡುಕೊಳ್ಳುತ್ತದೆ. ಏಳು ಸೆಕೆಂಡುಗಳಲ್ಲಿ ಒಂದು ಪೂರ್ಣ ವಾಕ್ಯವಿದೆ. ಅದರ ಪ್ರತಿಯೊಂದು ಪದವೂ ಬಿಡಿಸಿ ತೆಗೆಯುವಂತಿದೆ. ಮುಂದಿನವರು ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಆಕಸ್ಮಿಕವಲ್ಲ, ವಾದನದ ಗುಣವೇ.

1986ರಲ್ಲಿ ‘ಅಲ್ಟಿಮೇಟ್ ಬ್ರೇಕ್ಸ್ ಅಂಡ್ ಬೀಟ್ಸ್’ ಎಂಬ ಸಂಕಲನ ಮಾಲೆಯಲ್ಲಿ ‘ಆಮೆನ್, ಬ್ರದರ್’ ಸೇರಿತು. ಮರುವರ್ಷ ಮಾರುಕಟ್ಟೆಗೆ ಬಂದ ಇ-ಮ್ಯು ಕಂಪನಿಯ ಎಸ್‌ಪಿ-1200 ಎಂಬ ಯಂತ್ರದ ಸ್ಮೃತಿಯಲ್ಲಿ ಹಿಡಿಯುತ್ತಿದ್ದುದು ಒಟ್ಟು ಹತ್ತು ಸೆಕೆಂಡುಗಳ ಧ್ವನಿ ಮಾತ್ರ. ಏಳು ಸೆಕೆಂಡುಗಳ ತುಣುಕೊಂದು ಅಂಥ ಯಂತ್ರಕ್ಕೆ ಹೇಳಿ ಮಾಡಿಸಿದಂತಿತ್ತು. ಅಮೆರಿಕದ ಹಿಪ್‌ಹಾಪ್ ಕಲಾವಿದರು ಅದನ್ನು ನಿಧಾನಗೊಳಿಸಿ ಬಳಸಿದರು. 1988ರ ‘ಸ್ಟ್ರೇಟ್ ಔಟ್ಟಾ ಕಾಂಪ್ಟನ್’ ಇದಕ್ಕೆ ಪ್ರಸಿದ್ಧ ನಿದರ್ಶನ. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನ ತರುಣರು ಅದಕ್ಕೆ ವಿರುದ್ಧವಾದ ದಾರಿ ಹಿಡಿದರು. ಮೂಲದಲ್ಲಿ ನಿಮಿಷಕ್ಕೆ ಸುಮಾರು 136 ಬಡಿತಗಳಿದ್ದುದನ್ನು 160ಕ್ಕೂ ಮೇಲೆ ಏರಿಸಿ, ಒಂದೊಂದು ಪೆಟ್ಟನ್ನೂ ಬೇರ್ಪಡಿಸಿ, ಹೊಸ ಕ್ರಮದಲ್ಲಿ ಜೋಡಿಸಿದರು. ‘ಜಂಗಲ್’, ‘ಡ್ರಮ್ ಅಂಡ್ ಬೇಸ್’ ಎಂಬ ಪ್ರಕಾರಗಳು ಬಹುಮಟ್ಟಿಗೆ ಈ ತಳಹದಿಯ ಮೇಲೆ ನಿಂತವು. ಮನೆಯ ಕೋಣೆಯೊಂದರಲ್ಲಿ ಅಗ್ಗದ ಗಣಕಯಂತ್ರ ಮತ್ತು ಅಕೈ ಕಂಪನಿಯ ಸ್ಯಾಂಪ್ಲರ್ ಇರಿಸಿಕೊಂಡು ಕೆಲಸ ಮಾಡಿ, ಕೆಲವು ನೂರು ಪ್ರತಿಗಳನ್ನು ತಾವೇ ಅಚ್ಚು ಹಾಕಿಸಿ ಮಾರುತ್ತಿದ್ದ ಸ್ವತಂತ್ರ ಕಲಾವಿದರು ಇವರು. ದೊಡ್ಡ ಕಂಪನಿಗಳ ಬಂಡವಾಳವಾಗಲಿ ವಕೀಲರ ಬಲವಾಗಲಿ ಅವರಿಗೆ ಇರಲಿಲ್ಲ.

ಈ ಕೃತಿಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅವಿವೇಕ. 1994ರಲ್ಲಿ ಶೈ ಎಫ್‌ಎಕ್ಸ್ ಮತ್ತು ಯುಕೆ ಅಪಾಚಿ ಹೊರತಂದ ‘ಒರಿಜಿನಲ್ ನಟ್ಟಾ’ದಂಥ ರಚನೆಯಲ್ಲಿ ಕೋಲ್‌ಮನ್‌ನ ಪೆಟ್ಟುಗಳು ಮುರಿದು, ಮರುಜೋಡಣೆಗೊಂಡು, ಮನುಷ್ಯನ ಕೈಗೆ ಅಸಾಧ್ಯವಾದ ವೇಗದಲ್ಲಿ ಹರಿಯುತ್ತವೆ, ಆದರೂ ಮನುಷ್ಯನೊಬ್ಬನ ಕೈಯ ಭಾರ ಅವುಗಳಲ್ಲಿ ಉಳಿದಿದೆ. ಯಂತ್ರದಿಂದ ಹುಟ್ಟಿದ ಸಮತಟ್ಟಾದ ಬಡಿತಕ್ಕೆ ಈ ಗುಣ ಬಾರದು. ಇಂಥ ಕೃತಿಗಳ ಕರ್ತೃಗಳು ಆ ಏಳು ಸೆಕೆಂಡುಗಳನ್ನು ಎಷ್ಟು ಸಾವಧಾನದಿಂದ ಕೇಳಿರಬೇಕೆಂಬುದು ಸಹೃದಯನಿಗೆ ಹೊಳೆಯದೆ ಇರದು. ಇದಕ್ಕೆ ವ್ಯತಿರಿಕ್ತವಾಗಿ, ಇಡೀ ತುಣುಕನ್ನು ಹಾಗೆಯೇ ಎತ್ತಿ ಹಿನ್ನೆಲೆಯ ಗದ್ದಲವಾಗಿ ಹಾಕಿಕೊಂಡ ರಚನೆಗಳೂ ಇವೆ; ಅಲ್ಲಿ ಶ್ರವಣವೂ ಇಲ್ಲ, ಸೃಷ್ಟಿಯೂ ಇಲ್ಲ. ಬ್ರಿಟನ್ನಿನ ಲ್ಯೂಕ್ ವೈಬರ್ಟ್ ಈ ಬಗೆಯ ಸಂಗೀತಕ್ಕೆ ‘ಆಮೆನ್ ಆಂಡ್ರೂಸ್’ ಎಂಬ ಹೆಸರನ್ನೇ ಇಟ್ಟುಕೊಂಡು ತನ್ನ ಮೂಲವನ್ನು ಬಹಿರಂಗವಾಗಿ ಒಪ್ಪಿಕೊಂಡನು. ಮೂಲವನ್ನು ಮರೆಸುವುದಕ್ಕಿಂತ ಇದು ಮೇಲು. ಆದರೆ ಒಳ್ಳೆಯ ಬಳಕೆಯು ಋಣವನ್ನು ಗೌರವಿಸುತ್ತದೆಯೇ ಹೊರತು ತೀರಿಸುವುದಿಲ್ಲ. ಎರವಲು ತಂದ ನೇಗಿಲಿನಿಂದ ಒಳ್ಳೆಯ ಬೆಳೆ ತೆಗೆದ ಮಾತ್ರಕ್ಕೆ ನೇಗಿಲು ತನ್ನದಾಗುವುದಿಲ್ಲ.

ಅತ್ತ ಮೂಲದವರ ಸ್ಥಿತಿ ಏನಾಯಿತು? ತಂಡದ ನಾಯಕನೂ ಕೃತಿಸ್ವಾಮ್ಯದ ಒಡೆಯನೂ ಆದ ರಿಚರ್ಡ್ ಸ್ಪೆನ್ಸರ್‌ಗೆ ತನ್ನ ಮುದ್ರಿಕೆ ಲೋಕವ್ಯಾಪಿಯಾಗಿರುವ ಸಂಗತಿ ತಿಳಿದದ್ದು 1996ರಲ್ಲಿ, ಮೂಲ ಟೇಪನ್ನು ಕೇಳಿಕೊಂಡು ಸಂಗೀತೋದ್ಯಮದವರೊಬ್ಬರು ಸಂಪರ್ಕಿಸಿದಾಗ. ಅಷ್ಟರಲ್ಲಿ ಒಂದು ದಶಕ ಕಳೆದಿತ್ತು. ಅಮೆರಿಕದಲ್ಲಿ ಕೃತಿಸ್ವಾಮ್ಯದ ದಾವೆಗೆ ಮೂರು ವರ್ಷಗಳ ಕಾಲಮಿತಿಯಿದೆ. ಸಾವಿರಾರು ಕೃತಿಗಳಲ್ಲಿ ಬಳಕೆಯಾಗಿದ್ದರೂ ರಾಯಧನವಾಗಿ ಅವನಿಗೆ ಏನೂ ಬರಲಿಲ್ಲ. ಗ್ರೆಗರಿ ಕೋಲ್‌ಮನ್ 2006ರಲ್ಲಿ ಅಟ್ಲಾಂಟಾ ನಗರದಲ್ಲಿ ನಿರ್ಗತಿಕನಾಗಿ, ಸ್ವಂತ ಸೂರಿಲ್ಲದೆ ತೀರಿಕೊಂಡನು. ತಾನು ನುಡಿಸಿದ್ದು ಲೋಕದಲ್ಲಿ ಏನಾಯಿತೆಂಬುದು ಅವನಿಗೆ ತಿಳಿದಿರಲಾರದೆಂದೇ ಸ್ಪೆನ್ಸರ್‌ನ ಅಭಿಪ್ರಾಯವಾಗಿತ್ತು. ನಗರ ನಗರಗಳ ನೃತ್ಯಶಾಲೆಗಳಲ್ಲಿ ಪ್ರತಿರಾತ್ರಿ ಮೊಳಗುತ್ತಿದ್ದ ಕೈಗಳು ಬರಿಗೈಗಳಾಗಿಯೇ ಉಳಿದವು.

ಕಾನೂನು ಈ ನಡುವೆ ಸುಮ್ಮನಿರಲಿಲ್ಲ. 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕೆವಿನ್ ಡಫಿ, ಗಿಲ್ಬರ್ಟ್ ಓಸಲಿವನ್‌ನ ಹಾಡನ್ನು ಬಿಜ್ ಮಾರ್ಕಿ ಎಂಬ ಕಲಾವಿದನು ಅನುಮತಿಯಿಲ್ಲದೆ ಬಳಸಿದ ಪ್ರಕರಣದಲ್ಲಿ, ಬೈಬಲಿನ ಹತ್ತು ಆಜ್ಞೆಗಳಲ್ಲಿ ಕಳವನ್ನು ನಿಷೇಧಿಸುವ ಆಜ್ಞೆಯಿಂದಲೇ ತೀರ್ಪನ್ನು ಆರಂಭಿಸಿದರು. ಕ್ರಿಮಿನಲ್ ವಿಚಾರಣೆಯ ಪರಿಶೀಲನೆಗೂ ಪ್ರಕರಣವನ್ನು ಕಳುಹಿಸಿದರು. 2005ರಲ್ಲಿ ಅಮೆರಿಕದ ಆರನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಎರಡು ಸೆಕೆಂಡುಗಳ ಗಿಟಾರ್ ತುಣುಕಿನ ಪ್ರಕರಣದಲ್ಲಿ, ತುಣುಕು ಎಷ್ಟೇ ಚಿಕ್ಕದಾದರೂ ಪರವಾನಗಿ ಅಗತ್ಯವೆಂದು ಸಾರಿತು. 2016ರಲ್ಲಿ ಅದೇ ದೇಶದ ಒಂಬತ್ತನೆಯ ವಲಯದ ನ್ಯಾಯಾಲಯವು ಸೆಕೆಂಡಿನ ಕಾಲುಭಾಗಕ್ಕಿಂತಲೂ ಕಡಿಮೆಯಾದ ಕಹಳೆಯ ಧ್ವನಿಯೊಂದರ ವಿಷಯದಲ್ಲಿ ಇದನ್ನು ಒಪ್ಪದೆ, ಅತ್ಯಲ್ಪವಾದುದು ಉಲ್ಲಂಘನೆಯಾಗದೆಂದು ಹೇಳಿತು. 2005ರ ಪ್ರಕರಣದಲ್ಲಿ ದಾವೆ ಹೂಡಿದ್ದು ಗಿಟಾರ್ ನುಡಿಸಿದ ವಾದಕನಲ್ಲ, ಹಕ್ಕುಗಳನ್ನು ಕೈಯಲ್ಲಿರಿಸಿಕೊಂಡಿದ್ದ ಸಂಸ್ಥೆಗಳು ಎಂಬುದು ಗಮನಾರ್ಹ. ಪರವಾನಗಿಯ ಬೆಲೆ ಏರಿದಂತೆ ಅದನ್ನು ಕೊಳ್ಳಬಲ್ಲವರು ಶ್ರೀಮಂತ ಕಂಪನಿಗಳಷ್ಟೇ ಆದರು. ಸ್ವತಂತ್ರ ಕಲಾವಿದನ ಮುಂದೆ ಉಳಿದುದು ಎರಡೇ ದಾರಿ: ಬಿಟ್ಟುಬಿಡುವುದು, ಇಲ್ಲವೇ ಬಚ್ಚಿಡುವುದು.

ಬಚ್ಚಿಡುವ ದಾರಿಗೆ ಯುರೋಪಿನಲ್ಲಿ ಒಂದು ಬಗೆಯ ಸಮ್ಮತಿಯೇ ದೊರೆಯಿತು. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡವು 1977ರಲ್ಲಿ ಹೊರತಂದ ‘ಮೆಟಾಲ್ ಔಫ್ ಮೆಟಾಲ್’ ಎಂಬ ಕೃತಿಯಿಂದ ಎರಡು ಸೆಕೆಂಡುಗಳ ಲಯಖಂಡವೊಂದನ್ನು 1997ರ ಹಾಡೊಂದರಲ್ಲಿ ಅನುಮತಿಯಿಲ್ಲದೆ ಬಳಸಲಾಯಿತು. ಈ ವ್ಯಾಜ್ಯವು ಆ ದೇಶದ ಎಲ್ಲ ಹಂತದ ನ್ಯಾಯಾಲಯಗಳನ್ನೂ ಸುತ್ತಿತು. 2019ರ ಜುಲೈ 29ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು, ತುಣುಕು ಚಿಕ್ಕದಾದರೂ ಅದು ಪ್ರತಿಯೇ. ಆದರೆ ಕಿವಿಗೆ ಗುರುತು ಸಿಗದಷ್ಟು ಮಾರ್ಪಡಿಸಿ ಹೊಸ ಕೃತಿಯಲ್ಲಿ ಬಳಸಿದರೆ ಅದು ಪ್ರತಿಯಲ್ಲ ಎಂದು ತೀರ್ಮಾನಿಸಿತು. ವ್ಯಾಜ್ಯ ಅಲ್ಲಿಗೂ ಮುಗಿಯದೆ, 2023ರಲ್ಲಿ ಜರ್ಮನಿಯ ನ್ಯಾಯಾಲಯವು ಅದನ್ನು ಮತ್ತೊಮ್ಮೆ ಅದೇ ಪೀಠಕ್ಕೆ ಕಳುಹಿಸಿತು. ಕಾನೂನಿನ ದೃಷ್ಟಿಯಿಂದ 2019ರ ತೀರ್ಮಾನಕ್ಕೆ ತರ್ಕವಿದೆ. ನೀತಿಯ ದೃಷ್ಟಿಯಿಂದ ನೋಡಿದರೆ ಅದರಲ್ಲೊಂದು ವೈಪರೀತ್ಯವಿದೆ. ಮೂಲವನ್ನು ಪ್ರಾಮಾಣಿಕವಾಗಿ ಕೇಳಿಸುವಂತೆ ಬಿಟ್ಟವನು ತಪ್ಪಿತಸ್ಥ. ಗುರುತು ಸಿಗದಂತೆ ಅಳಿಸಿದವನು ನಿರ್ದೋಷಿ. ಕಳವಿನ ವಿಷಯದಲ್ಲಿ ಮರೆಮಾಚುವಿಕೆಯನ್ನು ಅಸತ್ಯದ ದೋಷವಾಗಿಯೂ ಎಣಿಸುವ ವ್ರತನೀತಿಗೆ ಇದು ಎಂದೂ ಸಮ್ಮತವಾಗದು. ತೆಗೆದುಕೊಂಡದ್ದು ಎರಡೂ ಕಡೆ ಒಂದೇ. ಎರಡನೆಯ ಕಡೆ ಕೃತಘ್ನತೆಯೂ ಸೇರಿದೆ.

ಕಾನೂನು ಪೂರ್ಣವಾಗಿ ನಡೆದಿದ್ದರೂ ಕೋಲ್‌ಮನ್‌ಗೆ ನ್ಯಾಯ ದೊರೆಯುತ್ತಿತ್ತೇ ಎಂಬುದು ಇನ್ನೂ ಆಳವಾದ ಪ್ರಶ್ನೆ. ಸಂಗೀತದ ಕೃತಿಸ್ವಾಮ್ಯದಲ್ಲಿ ಎರಡು ಪದರಗಳಿವೆ: ಒಂದು ರಚನೆಯದು, ಮತ್ತೊಂದು ಧ್ವನಿಮುದ್ರಣದ್ದು. ಮೊದಲನೆಯದು ರಚನಕಾರನಿಗೆ, ಎರಡನೆಯದು ಸಾಮಾನ್ಯವಾಗಿ ಮುದ್ರಣದ ಒಡೆತನ ಪಡೆದವನಿಗೆ. ಡ್ರಮ್ ನುಡಿಸಿದವನು ಎರಡು ಪದರಗಳಲ್ಲಿಯೂ ಕಾಣಿಸದೆ ಹೋಗಬಹುದು. ಅಮೆರಿಕದಲ್ಲಿ 1972ರ ಫೆಬ್ರವರಿ 15ಕ್ಕೆ ಹಿಂದಿನ ಧ್ವನಿಮುದ್ರಣಗಳಿಗೆ ಒಕ್ಕೂಟ ಸರ್ಕಾರದ ಕೃತಿಸ್ವಾಮ್ಯ ರಕ್ಷಣೆಯೇ ಇರಲಿಲ್ಲ. 2018ರ ಸಂಗೀತ ಆಧುನೀಕರಣ ಕಾಯಿದೆ ಆ ಕೊರತೆಯನ್ನು ತುಂಬಿತು. ಅದರಂತೆ 1969ರ ಈ ಮುದ್ರಿಕೆಗೆ 2067ರವರೆಗೆ ರಕ್ಷಣೆಯುಂಟು. ನುಡಿಸಿದವನು ತೀರಿಹೋಗಿ ಹನ್ನೆರಡು ವರ್ಷಗಳಾದ ಮೇಲೆ, ನುಡಿಸಿದ ಧ್ವನಿಗೆ ರಕ್ಷಣೆ ಬಂದಿತು.

ಈ ವಿಷಯದಲ್ಲಿ ಭಾರತದ ಕಾನೂನು ಒಂದು ಹೆಜ್ಜೆ ಮುಂದಿದೆ ಎಂಬುದನ್ನು ಹೇಳಲೇಬೇಕು. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ಆದ ತಿದ್ದುಪಡಿಯು ಪ್ರದರ್ಶಕನಿಗೂ ಹಕ್ಕನ್ನು ನೀಡಿತು. ಪ್ರದರ್ಶಕರ ಪಟ್ಟಿಯಲ್ಲಿ ಗಾಯಕ, ವಾದಕರೊಡನೆ ಹಾವಾಡಿಗನನ್ನೂ ಅದು ಮರೆಯಲಿಲ್ಲ. 2012ರ ತಿದ್ದುಪಡಿಯು ವಾಣಿಜ್ಯ ಬಳಕೆಯಲ್ಲಿ ಪ್ರದರ್ಶಕನಿಗೆ ರಾಯಧನವನ್ನೂ, ತನ್ನ ಹೆಸರು ಗುರುತಿಸಲ್ಪಡಬೇಕೆಂದು ಕೇಳುವ ಅಧಿಕಾರವನ್ನೂ ಕೊಟ್ಟಿತು. ಹೆಸರಿನ ಬೆಲೆಯನ್ನು ಅರಿಯಲು ಇನ್ನೊಂದು ನಿದರ್ಶನ ಸಾಕು. 1981ರ ಹಿಂದಿ ಚಲನಚಿತ್ರ ‘ಜ್ಯೋತಿ’ಗಾಗಿ ಬಪ್ಪಿ ಲಾಹಿರಿ ಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ ಗೀತೆಯ ತುಣುಕೊಂದು 2002ರಲ್ಲಿ ಅಮೆರಿಕದ ಜನಪ್ರಿಯ ಹಾಡೊಂದರಲ್ಲಿ ಅನುಮತಿಯಿಲ್ಲದೆ ಕಾಣಿಸಿತು. ಲಾಹಿರಿಯವರ ಹೆಸರನ್ನು ನಮೂದಿಸದೆ ಮುದ್ರಿಕೆಯನ್ನು ಮಾರಕೂಡದೆಂದು ಅಲ್ಲಿನ ನ್ಯಾಯಾಲಯ 2003ರಲ್ಲಿ ಆದೇಶಿಸಿತು. ಹಣದ ಲೆಕ್ಕಕ್ಕೆ ಮೊದಲು ನಾಮಸ್ಮರಣೆಯ ಲೆಕ್ಕವಿದೆಯೆಂಬುದನ್ನು ಆ ಆದೇಶ ಗುರುತಿಸಿತು.

ಅಮೆರಿಕದ ಕಲಾವಿದ ನೇಟ್ ಹ್ಯಾರಿಸನ್ 2004ರಲ್ಲಿ ‘ಕ್ಯಾನ್ ಐ ಗೆಟ್ ಆ್ಯನ್ ಆಮೆನ್’ ಎಂಬ ಧ್ವನಿಕೃತಿಯನ್ನು ರಚಿಸಿದನು. ತಿರುಗುವ ತಟ್ಟೆಯ ಮೇಲಿನ ಮುದ್ರಿಕೆಯಿಂದ ನಿರೂಪಕನೊಬ್ಬನ ಶಾಂತಧ್ವನಿಯು ಈ ತುಣುಕಿನ ಚರಿತ್ರೆಯನ್ನು ಹೇಳುತ್ತ ಹೋಗುತ್ತದೆ. ಇತರರಿಂದ ಎತ್ತಿಕೊಂಡ ಇದೇ ವಾದನವನ್ನು ತನ್ನ ಸಿ.ಡಿ.ಯಲ್ಲಿ ಸೇರಿಸಿ, ಅದರ ಮೇಲೆ ಕೃತಿಸ್ವಾಮ್ಯವನ್ನು ಘೋಷಿಸಿಕೊಂಡ ವ್ಯಾಪಾರಿ ಸಂಸ್ಥೆಯೊಂದರ ವಿಪರ್ಯಾಸವನ್ನು ಕೃತಿ ಸರಿಯಾಗಿಯೇ ಬಯಲಿಗೆ ತರುತ್ತದೆ. ತೆಗೆದುಕೊಳ್ಳುವಾಗ ಸರ್ವರ ಸೊತ್ತು, ತೆಗೆದುಕೊಂಡ ಮೇಲೆ ಸ್ವಂತ ಸೊತ್ತು ಎಂಬ ಈ ನಡತೆಗೆ ಪರಿಗ್ರಹವೆಂಬ ಹೆಸರೇ ಸರಿ. ಅತಿಯಾದ ಹಕ್ಕುಗಳು ಸಂಸ್ಕೃತಿಯ ಉಸಿರುಕಟ್ಟಿಸುತ್ತವೆಂಬ ಹ್ಯಾರಿಸನ್‌ನ ವಾದವೂ ಒಪ್ಪತಕ್ಕದ್ದೇ. ಆದರೆ ಕೃತಿಯ ತೂಕವೆಲ್ಲ ಬಳಸುವವರ ಸ್ವಾತಂತ್ರ್ಯದ ಕಡೆಗೇ ವಾಲಿದೆ. ನುಡಿಸಿದವನಿಗೆ ಸಲ್ಲಬೇಕಾದುದೇನು ಎಂಬ ಪ್ರಶ್ನೆ ಹಿಂದೆ ಸರಿದಿದೆ. ಸ್ವಾತಂತ್ರ್ಯದ ಚರ್ಚೆಯಲ್ಲಿ ಕೃತಜ್ಞತೆಗೆ ಸ್ಥಳವಿಲ್ಲದಿದ್ದರೆ ಆ ಚರ್ಚೆ ಅಪೂರ್ಣ.

ಇಲ್ಲಿ ಮೂರು ಆಕ್ಷೇಪಗಳು ಏಳುತ್ತವೆ. ವಿನ್‌ಸ್ಟನ್ಸ್ ತಂಡವೂ ಭಕ್ತಿಗೀತೆಯೊಂದರಿಂದ, ಮೇಫೀಲ್ಡ್‌ನ ಗಿಟಾರಿನಿಂದ ಎರವಲು ಪಡೆದಿರಲಿಲ್ಲವೇ ಎಂಬುದು ಮೊದಲನೆಯದು. ಹೌದು, ಪಡೆದಿತ್ತು. ಪರಂಪರೆಯಿಂದ ಪಡೆಯದ ಕಲೆಯಿಲ್ಲ. ಆದರೆ ಅವರು ಪಡೆದುದು ಮಾರ್ಗವನ್ನು. ನಡೆದುದು ತಮ್ಮ ಕಾಲಿನಿಂದಲೇ. ಯಾರಿಗೂ ನಷ್ಟವಾಗಲಿಲ್ಲವಲ್ಲ ಎಂಬುದು ಎರಡನೆಯದು. ಮರೆತುಹೋಗುತ್ತಿದ್ದ ಮುದ್ರಿಕೆಗೆ ಮರುಜನ್ಮ ಬಂದಿತೆಂಬುದು ನಿಜವೇ. ಆದರೂ ದೋಷವನ್ನು ಕೊಡುವವನ ನಷ್ಟದಿಂದ ಮಾತ್ರ ಅಳೆಯುವುದು ಲೌಕಿಕ ಲೆಕ್ಕ. ತೆಗೆದುಕೊಳ್ಳುವವನ ಭಾವದಿಂದ ಅಳೆಯುವುದು ಧರ್ಮದ ಲೆಕ್ಕ. ಏಳೇ ಸೆಕೆಂಡುಗಳಿಗೆ ಇಷ್ಟು ಚರ್ಚೆಯೇ ಎಂಬುದು ಮೂರನೆಯದು. ಅಣುವ್ರತವೆಂಬ ಕಲ್ಪನೆಯಲ್ಲಿ ಬೆಳೆದವರಿಗೆ ಅಲ್ಪತ್ವವು ವಿನಾಯಿತಿಯಲ್ಲವೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಹಾಗೆಂದು ನ್ಯಾಯಾಧೀಶ ಡಫಿಯವರಂತೆ ಎಲ್ಲ ಎರವಲನ್ನೂ ದರೋಡೆಯೆಂದು ಕರೆಯುವುದೂ ಏಕಾಂತದೃಷ್ಟಿಯೇ. ಬಡವನಾದ ತರುಣನೊಬ್ಬ ಕಲಿಯುತ್ತ ಎತ್ತಿಕೊಂಡ ತುಣುಕನ್ನೂ, ಶ್ರೀಮಂತ ಸಂಸ್ಥೆಯೊಂದು ಎಲ್ಲ ತಿಳಿದೂ ತೆಗೆದು ಮಾರಿದ ತುಣುಕನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

2015ರಲ್ಲಿ ಬ್ರಿಟನ್ನಿನ ಇಬ್ಬರು ಡಿ.ಜೆ.ಗಳಾದ ಮಾರ್ಟಿನ್ ವೆಬ್‌ಸ್ಟರ್ ಮತ್ತು ಸ್ಟೀವ್ ಥಿಯೊಬಾಲ್ಡ್ ಆರಂಭಿಸಿದ ನಿಧಿಸಂಗ್ರಹದ ಮೂಲಕ 24,000 ಪೌಂಡ್ ಕೂಡಿಸಿ ರಿಚರ್ಡ್ ಸ್ಪೆನ್ಸರ್‌ಗೆ ಒಪ್ಪಿಸಲಾಯಿತು. ಯಾವ ನ್ಯಾಯಾಲಯವೂ ಹೇಳದೆ, ಯಾವ ನೋಟೀಸೂ ಬಾರದೆ, ಆ ಸಂಗೀತದಿಂದ ಸಂತೋಷ ಪಡೆದವರು ಸ್ವಲ್ಪ ಸ್ವಲ್ಪವಾಗಿ ಕೊಟ್ಟ ಹಣವದು. ಈ ಇಡೀ ಚರಿತ್ರೆಯಲ್ಲಿ ಮನಸ್ಸಿಗೆ ನೆಮ್ಮದಿ ತರುವ ಘಟನೆ ಇದೊಂದೇ. ಆದರೂ ಇದನ್ನು ದಾನವೆಂದು ಕರೆಯುವುದು ಸರಿಯಾಗದು. ತನ್ನದನ್ನು ಬಿಟ್ಟುಕೊಡುವುದು ದಾನ. ಇನ್ನೊಬ್ಬನದನ್ನು ಹಿಂದಿರುಗಿಸುವುದು ಋಣವಿಮೋಚನೆ. ಋಣ ತೀರಿಸಿ ದಾನದ ಪುಣ್ಯವನ್ನು ಬಯಸುವುದು ಸೂಕ್ಷ್ಮವಾದ ಮಾನಕಷಾಯ. ಮೇಲಾಗಿ ಈ ಹಣ ಬಂದಾಗ ಕೋಲ್‌ಮನ್ ಇಲ್ಲವಾಗಿ ಒಂಬತ್ತು ವರ್ಷಗಳಾಗಿದ್ದವು. ಸ್ಪೆನ್ಸರ್ ಕೂಡ 2020ರಲ್ಲಿ ತೀರಿಕೊಂಡನು. ಕೆಲವು ಋಣಗಳಿಗೆ ಕಾಲಮಿತಿಯನ್ನು ಹಾಕುವುದು ಕಾನೂನಲ್ಲ, ಆಯುಷ್ಯ.

ದೂರದ ದೇಶದ ನೃತ್ಯಸಂಗೀತದ ಈ ವೃತ್ತಾಂತವನ್ನು ಶ್ರಾವಕ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ಪರರ ಸಂಗತಿಯೆಂದು ಬದಿಗಿರಿಸಬೇಕಾಗಿಲ್ಲ. ಸ್ತೋತ್ರಗಳ, ಭಕ್ತಿಗೀತೆಗಳ ಧ್ವನಿಮುದ್ರಿಕೆ ಹೊರಬರುವಾಗ ಪ್ರಾಯೋಜಕರ ಹೆಸರು ದೊಡ್ಡಕ್ಷರಗಳಲ್ಲಿಯೂ ಗಾಯಕರ ಹೆಸರು ಸಣ್ಣಕ್ಷರಗಳಲ್ಲಿಯೂ ಅಚ್ಚಾಗಿ, ತಬಲಾ ನುಡಿಸಿದವನ ಹೆಸರು ಅಚ್ಚಾಗದೆ ಉಳಿದರೆ, ಅಲ್ಲಿಯೂ ಒಬ್ಬ ಕೋಲ್‌ಮನ್ ಇದ್ದಾನೆ. ಸಮಾರಂಭದ ದೃಶ್ಯಮುದ್ರಿಕೆಗೆ ಯಾರದೋ ಹಾಡನ್ನು ಕೇಳದೆ ಸೇರಿಸುವಾಗ, ಪುಣ್ಯಕಾರ್ಯಕ್ಕೆ ತಾನೇ ಎಂಬ ಸಮಾಧಾನವು ಅನುಮತಿಯ ಸ್ಥಾನವನ್ನು ತುಂಬಲಾರದು. ಮುದ್ರಣಕ್ಕೆ ಮೊದಲು ಕೇಳುವುದು, ಹೆಸರನ್ನು ಬರೆಯುವುದು, ಸಲ್ಲಬೇಕಾದುದನ್ನು ಬದುಕಿರುವಾಗಲೇ ಸಲ್ಲಿಸುವುದು—ಈ ಮೂರಕ್ಕೆ ನ್ಯಾಯಾಲಯದ ಆದೇಶ ಬೇಕಾಗಿಲ್ಲ. ಆ ಏಳು ಸೆಕೆಂಡುಗಳನ್ನು ಲೋಕದಿಂದ ಹಿಂತೆಗೆಯುವುದು ಇನ್ನು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಅವುಗಳನ್ನು ಕೇಳುವವರು ಅವು ಯಾರ ಕೈಯವು ಎಂಬುದನ್ನು ಅರಿತು ಕೇಳಬೇಕಾದುದು ಮಾತ್ರ ಉಳಿದಿರುವ ಕರ್ತವ್ಯ.